ರಾಜ್ಯ ಬಿಟ್ಟರೂ ಬಿಡದ ನಕ್ಷತ್ರಿಕ: ಒಪ್ಪಂದಗಳಿಂದ ಹೊರನಡೆಯುವುದರ ಬಗ್ಗೆ

ಕೊಟ್ಟ ಮಾತಿನ ಬಗ್ಗೆ ಕನ್ನಡದಲ್ಲಿ ಯೋಚಿಸಲು ಹೊರಟರೆ ಎರಡು ಕತೆಗಳನ್ನು ದಾಟಿ ಹೋಗುವುದು ಕಷ್ಟ. ಒಂದು ಗೋವಿನ ಹಾಡು, ಇನ್ನೊಂದು ಹರಿಶ್ಚಂದ್ರನ ಕತೆ. ಮೊದಲನೆಯದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೇವೆ. ಎರಡನೆಯದು ರಾಘವಾಂಕನ ಕಾವ್ಯದಿಂದ ಹಿಡಿದು ಯಕ್ಷಗಾನ, ಕಂಪನಿ ನಾಟಕ, ಸಿನಿಮಾಗಳ ತನಕ ಹರಿದು ಬಂದಿದೆ. ಎರಡರಲ್ಲೂ ಮಾತು ಕೊಟ್ಟವರು ತಪ್ಪುವುದಿಲ್ಲ. ಆದ್ದರಿಂದಲೋ ಏನೋ, ತಪ್ಪಿದರೆ ಏನಾಗುತ್ತದೆ ಎನ್ನುವ ಪ್ರಶ್ನೆಯನ್ನು ನಾವು ಈ ಕತೆಗಳಿಗೆ ಕೇಳುವುದೇ ಇಲ್ಲ. ತಪ್ಪಿದವರ ಕತೆ ಬೇರೆ ಕಡೆ ಇರಬೇಕು ಎಂದು ಬಿಟ್ಟುಬಿಡುತ್ತೇವೆ.

2025ರ ಏಪ್ರಿಲ್ 23ರಂದು, ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದ ಮರುದಿನ, ಭಾರತ ಸರ್ಕಾರ 1960ರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಡುವುದಾಗಿ ಪ್ರಕಟಿಸಿತು. ಆ ವಾರ ಕನ್ನಡದ ಸುದ್ದಿವಾಹಿನಿಗಳನ್ನೂ ಪತ್ರಿಕೆಗಳನ್ನೂ ಗಮನಿಸಿದವರಿಗೆ ನೆನಪಿರಬಹುದು: ಒಂದೇ ನಿರ್ಧಾರಕ್ಕೆ ಅಮಾನತು, ಸ್ಥಗಿತ, ರದ್ದು ಎಂಬ ಮೂರು ಪದಗಳು ಒಂದರ ಬದಲಿಗೆ ಇನ್ನೊಂದು ಬರುತ್ತಿದ್ದವು. ನದಿ ಒಪ್ಪಂದಗಳ ಪಠ್ಯಗಳನ್ನು ಓದುವುದು ನನ್ನ ಪಿಎಚ್‌ಡಿ ಕೆಲಸದ ಭಾಗವಾದ್ದರಿಂದ ನನಗೆ ಈ ಬೆರಕೆ ಬರೀ ಭಾಷೆಯ ಸಡಿಲಿಕೆಯಾಗಿ ಕಾಣಲಿಲ್ಲ. ಈ ಮೂರೂ ಪದಗಳಿಗೆ ಕಾನೂನಿನಲ್ಲಿ ಮೂರು ಬೇರೆ ಫಲಗಳಿವೆ. ನಾವು ಮೂರನ್ನೂ ಒಂದಾಗಿಸಿದ್ದು ಏಕೆಂದರೆ ನಮ್ಮ ಮನಸ್ಸಿನಲ್ಲಿ ಇದ್ದದ್ದು ಒಂದೇ ಚಿತ್ರ: ಕಾಗದ ಹರಿದು ಬಿಸಾಡಿದರೆ ಮುಗಿಯಿತು.

ಹಾಗೆ ಮುಗಿಯುವುದಿಲ್ಲ ಎನ್ನುವುದಕ್ಕೆ ಕರ್ನಾಟಕದಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ. ಆ ಸಾಕ್ಷಿ ಕಾವೇರಿಯದು ಮಾತ್ರ ಎಂದು ನಾವು ತಿಳಿದಿದ್ದೇವೆ. ಅದರ ಮೊದಲ ಕಾಗದದಲ್ಲಿ ನಮ್ಮ ತುಂಗೆಯೂ ಇದ್ದಾಳೆ.

1892ರ ಫೆಬ್ರುವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಒಂದು ಒಪ್ಪಂದವಾಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಒಪ್ಪಂದದ ಹೆಸರಿನಲ್ಲಿ ಕಾವೇರಿ ಇಲ್ಲ. ಮದ್ರಾಸ್ ಸರ್ಕಾರಕ್ಕೆ ಮೊದಲು ತಿಳಿಸದೆ ಮೈಸೂರು ಎಲ್ಲೆಲ್ಲಿ ಹೊಸ ನೀರಾವರಿ ಕಾಮಗಾರಿ ಮಾಡಬಾರದು ಎಂದು ಗೊತ್ತುಪಡಿಸುವ ನಿಯಮಗಳು ಎನ್ನುವುದು ಅದರ ಧಾಟಿ. ಕೊನೆಯ ಪಟ್ಟಿಯಲ್ಲಿ ಹದಿನೈದು ಮುಖ್ಯ ನದಿಗಳ ಹೆಸರಿವೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿಗಳ ಜೊತೆಗೆ ತುಂಗಭದ್ರಾ, ತುಂಗಾ, ಭದ್ರಾ, ವೇದಾವತಿ, ಉತ್ತರ ಪಿನಾಕಿನಿಗಳೂ ಅದರಲ್ಲಿವೆ. ನಾನು ಮಂಡಗದ್ದೆಯವನು. ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ತುಂಗೆಯ ನಡುವಿನ ನಡುಗಡ್ಡೆಗೆ ಮಳೆಗಾಲದಲ್ಲಿ ಗೂಡು ಕಟ್ಟಲು ಬರುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಿಂದ. ಹಕ್ಕಿಗಳ ಕೆಳಗೆ ಹರಿಯುವ ಈ ನೀರಿಗೆ ಹೊಸ ಅಣೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಎಂದು ಒಂದು ಕಾಗದ ಹೇಳಿತ್ತು ಎಂದರೆ ಊರಿನಲ್ಲಿ ಹೆಚ್ಚಿನವರು ನಂಬುವುದಿಲ್ಲ. ಆದರೆ ತುಂಗೆ ಮುಂದೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗಿ ಬಳ್ಳಾರಿ, ಕರ್ನೂಲುಗಳ ಕಡೆ ಹೋಗುತ್ತಾಳೆ. ಆ ಎರಡೂ ಜಿಲ್ಲೆಗಳು ಆಗ ಮದ್ರಾಸಿನವು. ಮೇಲಿನವರು ಕಟ್ಟಿದರೆ ತಮಗೆ ನೀರು ಬರುವುದಿಲ್ಲ ಎಂಬ ಭಯ ಪಟ್ಟಿಯ ತುದಿಯವರೆಗೂ ಬಂದಿತ್ತು.

ಈ ಒಪ್ಪಂದ ಸಮಾನರ ನಡುವಿನದೇ? ಮೈಸೂರು ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದು 1881ರಲ್ಲಿ ಒಡೆಯರಿಗೆ ಮರಳಿತ್ತು. ಹನ್ನೊಂದು ವರ್ಷದ ಹಿಂದೆ ರಾಜ್ಯ ವಾಪಸು ಕೊಟ್ಟ ಸಾಮ್ರಾಜ್ಯದ ಒಂದು ಪ್ರಾಂತ್ಯದ ಎದುರು ಕೂತು ಮೈಸೂರು ಚೌಕಾಸಿ ಮಾಡಬೇಕಾಗಿತ್ತು. ಇಲ್ಲಿ ಗೋವಿನ ಹಾಡು ಉಪಯೋಗಕ್ಕೆ ಬರುತ್ತದೆ. ಪುಣ್ಯಕೋಟಿ ಮಾತು ಕೊಟ್ಟದ್ದು ಯಾವ ಸ್ಥಿತಿಯಲ್ಲಿ? ಹುಲಿ ಅಡ್ಡ ನಿಂತು ಮೈಮೇಲೆ ಎರಗಲು ಸಿದ್ಧವಾಗಿದ್ದಾಗ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂಬ ಅವಳ ಒಪ್ಪಂದ ಪ್ರಾಣಭಯದಲ್ಲಿ ಆದದ್ದು. ಒಪ್ಪಂದಗಳ ಕಾನೂನಿನ ಮೂಲಪಠ್ಯವಾದ 1969ರ ವಿಯೆನ್ನಾ ಒಡಂಬಡಿಕೆಯ 52ನೇ ವಿಧಿಯ ಪ್ರಕಾರ ಬಲಪ್ರಯೋಗದ ಬೆದರಿಕೆಯಿಂದ ಪಡೆದ ಒಪ್ಪಂದ ಹುಟ್ಟಿನಿಂದಲೇ ಅನೂರ್ಜಿತ. ಪುಣ್ಯಕೋಟಿ ಒಂದು ದೇಶವಾಗಿದ್ದರೆ ಅವಳು ಮರಳಿ ಹೋಗಬೇಕಾಗಿರಲಿಲ್ಲ. ಹಾಡು ಆ ಪ್ರಶ್ನೆಯನ್ನು ಎತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ಅದು ಒಬ್ಬಳ ಸತ್ಯದ ಕತೆ. ಆದರೆ ಸರ್ಕಾರಗಳ ನಡುವಿನ ಮಾತಿಗೆ ಅದೇ ಅಳತೆಗೋಲು ಹಿಡಿದರೆ ಒಂದು ತೊಂದರೆ ಎದುರಾಗುತ್ತದೆ. ಪುಣ್ಯಕೋಟಿ ಕೊಟ್ಟದ್ದು ತನ್ನ ದೇಹವನ್ನು. ಸರ್ಕಾರ ಕೊಡುವುದು ಬೇರೆಯವರ ಹೊಲವನ್ನು, ಬೇರೆಯವರ ನೀರನ್ನು. ಅಲ್ಲಿ ಮಾತು ಕೊಡುವವರು ಒಬ್ಬರು, ಕರುವಿನ ಸ್ಥಾನದಲ್ಲಿ ಇರುವವರು ಇನ್ನೊಬ್ಬರು.

ಕರ್ನಾಟಕ ಮುಂದೆ ನ್ಯಾಯಾಲಯದಲ್ಲಿ ಮಾಡಿದ ವಾದದ ತಿರುಳು ಇದೇ ಆಗಿತ್ತು. 1892ರದೂ 1924ರದೂ ಅಸಮಾನರ ನಡುವೆ ಹೇರಿದ ಒಪ್ಪಂದಗಳು, ನ್ಯಾಯಕ್ಕೆ ಒಪ್ಪುವಂಥವಲ್ಲ ಎಂದು. ಆ ವಾದಕ್ಕೆ ಚರಿತ್ರೆಯಲ್ಲಿ ಆಧಾರವಿದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಎತ್ತರದ ಪ್ರಶ್ನೆ ಬಂದಾಗ ಒಪ್ಪಂದದಲ್ಲೇ ಹೇಳಿದ್ದಂತೆ ಮಧ್ಯಸ್ಥಿಕೆ ನಡೆಯಿತು. ಗ್ರಿಫಿನ್ ಅವರ 1914ರ ತೀರ್ಪು ಬಹುಮಟ್ಟಿಗೆ ಮೈಸೂರಿನ ಪರವಾಗಿತ್ತು, ಭಾರತ ಸರ್ಕಾರವೂ ಅದನ್ನು ಅನುಮೋದಿಸಿತು. ಮದ್ರಾಸ್ ಒಪ್ಪಲಿಲ್ಲ. ಲಂಡನ್ನಿನವರೆಗೆ ಮೇಲ್ಮನವಿ ಹೋಯಿತು, ತೀರ್ಪು ನಿಲ್ಲಲಿಲ್ಲ, ಮತ್ತೆ ಮಾತುಕತೆ ನಡೆದು 1924ರ ಫೆಬ್ರುವರಿ 18ರಂದು ಹೊಸ ಒಪ್ಪಂದವಾಯಿತು. ಬಲವಿದ್ದವರಿಗೆ ಹೊರನಡೆಯುವ ಬಾಗಿಲು ಅಗಲವಾಗಿರುತ್ತದೆ ಎನ್ನುವುದನ್ನು ಮೈಸೂರು ಆಗಲೇ ಕಂಡಿತ್ತು.

ಹಾಗಿದ್ದೂ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಕೊಟ್ಟ ಕಾರಣ ಗಮನಿಸಬೇಕಾದದ್ದು. ಸಂವಿಧಾನ ಜಾರಿಯಾದ ಮೇಲೆ, ಆಮೇಲೆ ರಾಜ್ಯ ಪುನರ್ವಿಂಗಡಣೆಯಾದ ಮೇಲೆ, ಕರ್ನಾಟಕಕ್ಕೆ ಸಮಾನವಾಗಿ ಚೌಕಾಸಿ ಮಾಡುವ ಬಲ ಬಂದಿತ್ತು. ಆಗಲೂ ಅದು ಒಪ್ಪಂದವನ್ನು ತ್ಯಜಿಸಲಿಲ್ಲ. ಹುಲಿ ಹೋದ ಮೇಲೂ ಸುಮ್ಮನಿದ್ದವರು ಹುಲಿಯ ಭಯದಲ್ಲಿ ಮಾತು ಕೊಟ್ಟೆ ಎಂದು ಹೇಳಲಾಗದು ಎನ್ನುವುದು ಅದರ ತಾತ್ಪರ್ಯ. ವಿಯೆನ್ನಾ ಒಡಂಬಡಿಕೆಯ 45ನೇ ವಿಧಿಯಲ್ಲೂ ಇದಕ್ಕೆ ಹತ್ತಿರದ ಮಾತಿದೆ: ಒಪ್ಪಂದದಿಂದ ಹೊರಬರಲು ಕಾರಣವಿದೆ ಎಂದು ಗೊತ್ತಿದ್ದೂ ಅದನ್ನು ಒಪ್ಪಿಕೊಂಡವರಂತೆ ನಡೆದರೆ ಆಮೇಲೆ ಆ ಕಾರಣವನ್ನು ಮುಂದೆ ಮಾಡುವ ಹಕ್ಕು ಹೋಗುತ್ತದೆ. ಅದೇ ಒಡಂಬಡಿಕೆ, ಬಲಾತ್ಕಾರದಿಂದ ಪಡೆದ ಒಪ್ಪಂದಕ್ಕೆ ಮಾತ್ರ ಈ ನಿಯಮ ಅನ್ವಯಿಸದಂತೆ ಬಿಟ್ಟಿದೆ. ನ್ಯಾಯಾಲಯದ ಕಣ್ಣಿಗೆ ಮೈಸೂರಿನ ಸ್ಥಿತಿ ಆ ಮಟ್ಟದ ಬಲಾತ್ಕಾರವಾಗಿ ಕಾಣಲಿಲ್ಲ. ಈ ಭಾಗವನ್ನು ನಾನು ಇಂದಿಗೂ ಪೂರ್ತಿ ಒಪ್ಪಲಾರೆ. ವಸಾಹತು ಕಾಲದ ಒತ್ತಾಯ ಕೋವಿ ಹಿಡಿದು ಬರುತ್ತಿರಲಿಲ್ಲ, ಪತ್ರವ್ಯವಹಾರದ ವಿನಯದಲ್ಲಿ ಬರುತ್ತಿತ್ತು. ಅದನ್ನು ಓದುವ ಕಣ್ಣು ಕಾನೂನಿಗಿಂತ ಸಾಹಿತ್ಯ ವಿಮರ್ಶೆಗೆ ಹೆಚ್ಚು ಅಭ್ಯಾಸವಾಗಿದೆ.

ಆದರೆ ಅದೇ ತೀರ್ಪು ಇನ್ನೊಂದು ಕಡೆ ಕರ್ನಾಟಕದ ಓದನ್ನು ಎತ್ತಿ ಹಿಡಿಯಿತು. ಅದನ್ನು ನೋಡಲು 1924ರ ಒಪ್ಪಂದದ ಒಂದು ಕಲಮನ್ನು ಓದಬೇಕು. ಕನ್ನಂಬಾಡಿಯಲ್ಲಿ 44.827 ಟಿಎಂಸಿ ಅಡಿ ನೀರು ನಿಲ್ಲಿಸಲು ಮೈಸೂರಿಗೆ, ಮೆಟ್ಟೂರಿನಲ್ಲಿ 93.5 ಟಿಎಂಸಿ ಅಡಿ ನಿಲ್ಲಿಸಲು ಮದ್ರಾಸಿಗೆ ಅವಕಾಶ ಕೊಟ್ಟ ಆ ಒಪ್ಪಂದ, ಹೊಸ ನೀರಾವರಿಗೆ ಎರಡೂ ಕಡೆ ಮಿತಿ ಹಾಕಿತ್ತು. ಐವತ್ತು ವರ್ಷ ಕಳೆದ ಮೇಲೆ ಈ ಮಿತಿಗಳು, ಆವರೆಗಿನ ಅನುಭವದ ಬೆಳಕಿನಲ್ಲಿ, ಮರುಪರಿಶೀಲನೆಗೆ ತೆರೆದಿರುತ್ತವೆ ಎಂದು ಆ ಕಲಮು ಹೇಳುತ್ತದೆ. ಒಪ್ಪಂದ ಮುಗಿಯುತ್ತದೆ ಎಂದು ಹೇಳುವುದಿಲ್ಲ, ಮುಂದುವರಿಯುತ್ತದೆ ಎಂದೂ ಹೇಳುವುದಿಲ್ಲ. 1974 ಬಂದಾಗ ಕರ್ನಾಟಕ ಅದನ್ನು ‘ಅವಧಿ ಮುಗಿಯಿತು’ ಎಂದು ಓದಿತು. ತಮಿಳುನಾಡು ‘ಮರುಪರಿಶೀಲನೆ ಮಾತ್ರ, ಒಪ್ಪಂದ ಉಳಿದಿದೆ’ ಎಂದು ಓದಿತು. ನಾಲ್ಕು ದಶಕ ಎರಡು ರಾಜ್ಯಗಳ ಜಗಳ ಒಂದು ಕ್ರಿಯಾಪದದ ಮೇಲೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಾಗಬಹುದು, ಆದರೆ ತೀರಾ ಉತ್ಪ್ರೇಕ್ಷೆಯಲ್ಲ. 2018ರಲ್ಲಿ ನ್ಯಾಯಾಲಯ ಐವತ್ತು ವರ್ಷದ ಅವಧಿಯೊಂದಿಗೆ ಒಪ್ಪಂದವೂ 1974ರಲ್ಲಿ ಮುಗಿದಿದೆ ಎಂದಿತು.

ಈಗ ಮುಖ್ಯ ಪ್ರಶ್ನೆ. ಒಪ್ಪಂದ ಸತ್ತಿದೆ ಎಂದ ಮೇಲೆ ಅದರ ಹೊರೆಯೂ ಇಳಿಯಿತೇ? ಇಳಿಯಲಿಲ್ಲ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ನೀರು ಹಂಚುವಾಗ 1924ಕ್ಕೆ ಮೊದಲೇ ಇದ್ದ ನೀರಾವರಿ, ಒಪ್ಪಂದದ ಅಡಿಯಲ್ಲಿ ಬೆಳೆದ ನೀರಾವರಿ, ಅದರ ಹೊರಗೆ ಬೆಳೆದದ್ದು ಎಂದು ಬೇರೆ ಬೇರೆ ಲೆಕ್ಕ ಹಾಕಿತ್ತು. ಒಪ್ಪಂದ ಹೋದರೂ ಅದನ್ನು ನಂಬಿ ಹದವಾದ ಗದ್ದೆ ಹಾಗೆಯೇ ಇತ್ತು, ಅದರಲ್ಲಿ ಉಳುವವನೂ ಇದ್ದ. ನಮ್ಮ ಕಡೆ ಅಡಿಕೆ ತೋಟವನ್ನು ಚೇಣಿಗೆ ಕೊಡುವ ರೂಢಿಯಿದೆ. ದರ ಬಿದ್ದ ವರ್ಷ ಚೇಣಿದಾರ ನಡುವೆಯೇ ಕೈ ಎತ್ತಿದರೆ ತೋಟದವರು ಬೈದುಕೊಂಡು ಬೇರೆಯವರನ್ನು ಹುಡುಕಬಹುದು. ಆದರೆ ಆವರೆಗೆ ಕೊಯ್ದ ಗೊನೆಯ ಲೆಕ್ಕ ಚುಕ್ತಾ ಆಗದೆ ಅವನು ಊರು ಬಿಡುವಂತಿಲ್ಲ. ವಿಯೆನ್ನಾ ಒಡಂಬಡಿಕೆಯ 70ನೇ ವಿಧಿ ಇದನ್ನೇ ದೊಡ್ಡ ಮಾತುಗಳಲ್ಲಿ ಹೇಳುತ್ತದೆ. ಒಪ್ಪಂದ ಕೊನೆಗೊಂಡರೆ ಮುಂದಿನ ಬಾಧ್ಯತೆಯಿಂದ ಬಿಡುಗಡೆ ಸಿಗುತ್ತದೆ. ಒಪ್ಪಂದ ನಡೆಯುತ್ತಿದ್ದಾಗ ಹುಟ್ಟಿದ ಹಕ್ಕು, ಬಾಧ್ಯತೆ, ಸ್ಥಿತಿಗಳಿಗೆ ಅದರಿಂದ ಧಕ್ಕೆಯಾಗುವುದಿಲ್ಲ.

ಇಲ್ಲಿಗೆ ಹರಿಶ್ಚಂದ್ರ ಬರುತ್ತಾನೆ. ರಾಘವಾಂಕನ ಕಾವ್ಯವನ್ನು ನಾವು ಸತ್ಯದ ಮಹಿಮೆಯೆಂದು ಓದುತ್ತೇವೆ. ಬಾಕಿಯ ಕತೆಯೆಂದೂ ಅದನ್ನು ಓದಬಹುದು. ರಾಜ, ಸಿಂಹಾಸನ, ಭಂಡಾರ ಎಲ್ಲವನ್ನೂ ವಿಶ್ವಾಮಿತ್ರನಿಗೆ ಬಿಟ್ಟು ಹೊರಡುತ್ತಾನೆ. ಹಿಂದೆ ಕೊಡುತ್ತೇನೆಂದಿದ್ದ ಹೊನ್ನಿನ ಸಾಲ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ವಸೂಲು ಮಾಡಲು ನಕ್ಷತ್ರಿಕ ಕಾಶಿಯವರೆಗೆ ಬೆನ್ನಿಗೆ ಬರುತ್ತಾನೆ. ಹೆಂಡತಿ ಮಗನನ್ನೂ ಕೊನೆಗೆ ತನ್ನನ್ನೂ ಮಾರಿದ ಮೇಲೆಯೇ ಆ ಲೆಕ್ಕ ಮುಗಿಯುವುದು. ಬೆಂಬಿಡದೆ ಪೀಡಿಸುವವರಿಗೆ ನಮ್ಮ ಮಾತಿನಲ್ಲಿ ನಕ್ಷತ್ರಿಕ ಎಂಬ ಹೆಸರೇ ನಿಂತುಬಿಟ್ಟಿದೆ. ಯಕ್ಷಗಾನದಲ್ಲಿ ಅವನನ್ನು ಕಂಡು ನಗುತ್ತೇವೆ, ಸಿಟ್ಟಾಗುತ್ತೇವೆ. ಆದರೆ ಕತೆಯ ಒಳಗೆ ಒಂದು ಕಾನೂನನ್ನು ಹೊತ್ತು ತರುವವನು ಅವನೇ: ಅಧಿಕಾರ ಬಿಟ್ಟರೆ ಬಾಕಿ ಬಿಡುವುದಿಲ್ಲ.

ಈ ನಕ್ಷತ್ರಿಕನನ್ನು ಹೊರಜಗತ್ತಿನಲ್ಲೂ ನೋಡಬಹುದು. ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನದಿಂದ ಫಿಲಿಪ್ಪೀನ್ಸ್ 2018ರ ಮಾರ್ಚ್ 17ರಂದು ಹೊರಬರುವ ಸೂಚನೆ ಕೊಟ್ಟಿತು. ಶಾಸನದ ನಿಯಮದಂತೆ ಒಂದು ವರ್ಷದ ನಂತರ ಅದು ಜಾರಿಯಾಯಿತು. ಮಾದಕವಸ್ತು ವಿರುದ್ಧದ ಕಾರ್ಯಾಚರಣೆಯಲ್ಲಿ ನಡೆದ ಕೊಲೆಗಳ ತನಿಖೆಯಿಂದ ಅಧ್ಯಕ್ಷ ಡುಟರ್ಟೆ ಪಾರಾದರು ಎಂದು ಆಗ ಅನೇಕರು ತಿಳಿದರು. 2025ರ ಮಾರ್ಚ್ 11ರಂದು ಅದೇ ನ್ಯಾಯಾಲಯದ ವಾರಂಟಿನ ಮೇಲೆ ಮನಿಲಾದಲ್ಲಿ ಅವರ ಬಂಧನವಾಯಿತು, ಅವರನ್ನು ಹೇಗ್‌ಗೆ ಕರೆದೊಯ್ದರು. ವಾರಂಟಿನಲ್ಲಿದ್ದದ್ದು ದೇಶ ಸದಸ್ಯನಾಗಿದ್ದ ಅವಧಿಯ ಆರೋಪಗಳು.

ನದಿಯದೇ ಉದಾಹರಣೆ ಬೇಕೆಂದರೆ ಡ್ಯಾನ್ಯೂಬ್ ಇದೆ. ಹಂಗೇರಿ ಮತ್ತು ಚೆಕೊಸ್ಲೊವಾಕಿಯಾ 1977ರಲ್ಲಿ ಜೋಡಿ ಅಣೆಕಟ್ಟುಗಳಿಗೆ ಒಪ್ಪಂದ ಮಾಡಿಕೊಂಡವು. ಪರಿಸರದ ಕಾರಣ ಕೊಟ್ಟು ಹಂಗೇರಿ 1989ರಲ್ಲಿ ಕೆಲಸ ನಿಲ್ಲಿಸಿತು, 1992ರ ಮೇ ತಿಂಗಳಲ್ಲಿ ಒಪ್ಪಂದವೇ ಮುಗಿಯಿತೆಂದು ಘೋಷಿಸಿತು. ಆ ಕಡೆಯವರು ತಾವೇ ನದಿಯನ್ನು ತಿರುಗಿಸಿಕೊಂಡರು. 1997ರ ಸೆಪ್ಟೆಂಬರ್ 25ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ಇಬ್ಬರದೂ ತಪ್ಪು ಎಂದಿತು. ಹಂಗೇರಿಯ ಏಕಪಕ್ಷೀಯ ಘೋಷಣೆಯಿಂದ ಒಪ್ಪಂದ ಮುಗಿದಿಲ್ಲ, ಎದುರು ಪಕ್ಷ ನೀರು ತಿರುಗಿಸಿದ್ದೂ ಸರಿಯಲ್ಲ, ಇಬ್ಬರೂ ಕೂತು ಮಾತಾಡಿ ಎಂದು ತೀರ್ಪಿತ್ತಿತು. ಪರಿಸ್ಥಿತಿ ಮೂಲಭೂತವಾಗಿ ಬದಲಾಗಿದೆ ಎಂಬ ಹಂಗೇರಿಯ ವಾದವನ್ನು ಅದು ಒಪ್ಪಲಿಲ್ಲ. ಆ ಬಾಗಿಲು ಇದೆ, ಆದರೆ ತುಂಬಾ ಕಿರಿದು.

ಮನೆಗೆ ಮರಳಿದರೆ, ನಮ್ಮ ಜಿಲ್ಲೆಯವರೇ ಆದ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗಿನ 1991ರ ಸುಗ್ರೀವಾಜ್ಞೆ ಕಾಣುತ್ತದೆ. ಆ ವರ್ಷ ಜೂನ್ 25ರಂದು ನ್ಯಾಯಮಂಡಳಿ ಮೆಟ್ಟೂರಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬರುವಂತೆ ಮಾಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 25ರಂದು, ಕಾವೇರಿ ಕೊಳ್ಳದ ನೀರಾವರಿ ರಕ್ಷಣೆಯ ಸುಗ್ರೀವಾಜ್ಞೆ ಹೊರಟಿತು. ಇದು ಹೊರನಡೆದದ್ದು ಒಪ್ಪಂದದಿಂದಲ್ಲ, ಆದೇಶದಿಂದ. ಆದರೂ ಮನೋಭಾವ ಒಂದೇ: ನನ್ನ ಮೇಲಿನ ಬಾಧ್ಯತೆ ಇದೆಯೋ ಇಲ್ಲವೋ ಎಂದು ನಾನೇ ಹೇಳುತ್ತೇನೆ. ರೈತರ ಹಿತ ಕಾಯುವುದು ಸರ್ಕಾರದ ಕರ್ತವ್ಯ, ಯಾವುದೇ ನ್ಯಾಯಾಲಯದ ಅಥವಾ ಮಂಡಳಿಯ ಆದೇಶ ಏನೇ ಇದ್ದರೂ ನೀರು ಬಳಸಬಹುದು ಎನ್ನುವುದು ಅದರ ಸಾರ. ಆ ಪಠ್ಯ ಒಂದು ವಿನಾಯಿತಿ ಇಟ್ಟುಕೊಂಡಿತ್ತು: ಅಂತಿಮ ತೀರ್ಪಿಗೆ ಮಾತ್ರ ಬದ್ಧ ಎಂದು. ಬಾಗಿಲು ಹಾಕುವಾಗಲೂ ಚಿಲಕ ಹಾಕಿರಲಿಲ್ಲ. ಅದರ ಸಿಟ್ಟನ್ನು ಮಾತ್ರ ನೆನಪಿಟ್ಟುಕೊಂಡವರು ಈ ಎಚ್ಚರವನ್ನು ಮರೆತಿದ್ದಾರೆ.

ರಾಷ್ಟ್ರಪತಿಗಳು ಎರಡೇ ದಿನದಲ್ಲಿ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ನವೆಂಬರ್ 22ರಂದು ಬಂದ ಅಭಿಪ್ರಾಯ ಸ್ಪಷ್ಟವಾಗಿತ್ತು. ಸುಗ್ರೀವಾಜ್ಞೆಯ ಪರಿಣಾಮ ರಾಜ್ಯದ ಗಡಿಯಾಚೆ ಬೀಳುತ್ತದೆ, ಅದು ಶಾಸಕಾಂಗದ ಅಧಿಕಾರ ಮೀರಿದ್ದು, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು ಕಾನೂನಿನ ಆಳ್ವಿಕೆಗೆ ವಿರುದ್ಧ. ಮಧ್ಯಂತರ ಆದೇಶ ಡಿಸೆಂಬರ್ 10ರಂದು ಗೆಜೆಟ್ಟಿನಲ್ಲಿ ಬಂತು. ಅದರ ಬೆನ್ನಿಗೇ ಬೆಂಗಳೂರಿನಲ್ಲೂ ಸುತ್ತಲೂ ತಮಿಳರ ಮೇಲೆ ನಡೆದ ಹಿಂಸೆಯಲ್ಲಿ ಜೀವಗಳು ಹೋದವು, ಮನೆಗಳು ಸುಟ್ಟವು. ಅದಕ್ಕೆ ಸುಗ್ರೀವಾಜ್ಞೆಯೊಂದೇ ಕಾರಣ ಎನ್ನುವುದು ಅನ್ಯಾಯವಾಗುತ್ತದೆ. ಆದರೆ ಮಾತಿನಿಂದ ಹೊರಬಂದರೆ ಎಲ್ಲ ಮುಗಿಯುತ್ತದೆ ಎಂಬ ನಂಬಿಕೆಯನ್ನು ಸರ್ಕಾರವೇ ಜನರಿಗೆ ಕೊಟ್ಟ ಮೇಲೆ, ಮುಗಿಯದೇ ಹೋದಾಗ ಆ ನಿರಾಸೆ ಯಾರ ಮೇಲೆ ಬೀಳುತ್ತದೆ? ಒಪ್ಪಂದಕ್ಕೆ ಸಹಿ ಹಾಕದವರ ಮೇಲೆ, ನೀರಿನ ಲೆಕ್ಕ ಗೊತ್ತಿಲ್ಲದ ಕೂಲಿಕಾರರ ಮೇಲೆ. ಗೋವಿನ ಹಾಡಿನ ಕರುವಿನ ಪ್ರಶ್ನೆಯನ್ನು ಅಂದು ಆ ಬೀದಿಗಳಲ್ಲಿ ಕೇಳಬೇಕಾಗಿತ್ತು.

1991ರ ಅಭಿಪ್ರಾಯ ಅಲ್ಲಿಗೇ ನಿಲ್ಲಲಿಲ್ಲ. ಪಂಜಾಬ್ 2004ರ ಜುಲೈಯಲ್ಲಿ ಹರಿಯಾಣ, ರಾಜಸ್ಥಾನಗಳ ಜೊತೆಗಿನ 1981ರ ನೀರಿನ ಒಪ್ಪಂದವನ್ನು ಒಂದು ಕಾಯ್ದೆಯಿಂದಲೇ ಕೊನೆಗಾಣಿಸಿತು. 2016ರ ನವೆಂಬರ್ 10ರಂದು ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಾಗ ಆಧರಿಸಿದ ಪೂರ್ವನಿದರ್ಶನಗಳಲ್ಲಿ ಕರ್ನಾಟಕದ ಸುಗ್ರೀವಾಜ್ಞೆಯ ಪ್ರಕರಣವೂ ಇತ್ತು. ನಾವು ಮುಚ್ಚಿಸಿಕೊಂಡ ಬಾಗಿಲು ದೂರದ ಪಂಜಾಬಿಗೂ ಮುಚ್ಚಿತು.

ಹಾಗಾದರೆ ಅನ್ಯಾಯದ ಒಪ್ಪಂದವನ್ನು ಹೊತ್ತುಕೊಂಡೇ ಇರಬೇಕೇ ಎಂದು ಓದುಗರು ಕೇಳಬಹುದು. ನ್ಯಾಯಯುತವಾದ ಪ್ರಶ್ನೆ. ಮಂಡಳಿ ರಚನೆಯಾದದ್ದು 1990ರಲ್ಲಿ, ಕೊನೆಯ ತೀರ್ಪು ಬಂದದ್ದು 2018ರಲ್ಲಿ. ಮಂಡ್ಯದಲ್ಲಿ ಒಂದು ತಲೆಮಾರಿನ ರೈತರು ಅಷ್ಟರಲ್ಲಿ ಮುದುಕರಾದರು. ಕಾಯುವುದರ ಬೆಲೆಯನ್ನು ಕಾಯುವವರೇ ತೆರುತ್ತಾರೆ, ಮತ್ತು ಕಾಯಿರಿ ಎಂದು ಉಪದೇಶಿಸುವುದು ಸುಲಭ. ಆದರೂ ಎರಡು ದಾರಿಗಳ ಫಲವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸುಗ್ರೀವಾಜ್ಞೆಯಿಂದ ನ್ಯಾಯಾಲಯದಲ್ಲಿ ಏನೂ ದಕ್ಕಲಿಲ್ಲ. ಪಠ್ಯವನ್ನು ಓದಿ ವಾದಿಸಿದ ದಾರಿಯಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿ ಅಡಿಗೆ ಏರಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಇದು ದೊಡ್ಡ ಗೆಲುವಲ್ಲದಿರಬಹುದು. ಆದರೆ ಇದಕ್ಕಾಗಿ ಯಾರ ಮನೆಯನ್ನೂ ಸುಡಬೇಕಾಗಿರಲಿಲ್ಲ.

ಸಿಂಧೂ ಒಪ್ಪಂದದ ಪ್ರಶ್ನೆಗೆ ಈ ಬೆಳಕಿನಲ್ಲಿ ಹಿಂತಿರುಗಿದರೆ ಅಮಾನತು ಎಂಬ ಪದದ ತೂಕ ತಿಳಿಯುತ್ತದೆ. 1960ರ ಪಠ್ಯದ 12ನೇ ವಿಧಿಯ ಪ್ರಕಾರ ಅದನ್ನು ಬದಲಿಸಲು ಅಥವಾ ಮುಗಿಸಲು ಇಬ್ಬರೂ ಅನುಮೋದಿಸಿದ ಇನ್ನೊಂದು ಒಪ್ಪಂದ ಬೇಕು. ಒಬ್ಬರೇ ಅಮಾನತಿನಲ್ಲಿಡುವ ಅವಕಾಶದ ಉಲ್ಲೇಖ ಅದರಲ್ಲಿಲ್ಲ. ಭಾರತದ ಕಡೆಯ ವಾದಕ್ಕೂ ಬಲವಿಲ್ಲದಿಲ್ಲ: ಗಡಿಯಾಚೆಯಿಂದ ಭಯೋತ್ಪಾದನೆ ನಿಲ್ಲದಿರುವಾಗ, ಸದ್ಭಾವದ ಮೇಲೆ ನಿಂತ ಒಪ್ಪಂದವನ್ನು ಒಬ್ಬರೇ ನಡೆಸಿಕೊಂಡು ಹೋಗಬೇಕೇ ಎನ್ನುವುದು. ಭಾರತ ವಿಯೆನ್ನಾ ಒಡಂಬಡಿಕೆಗೆ ಸೇರಿಲ್ಲ ಎಂಬುದೂ ನಿಜ. ಆದರೆ ಅದರ ಬಹಳಷ್ಟು ನಿಯಮಗಳನ್ನು ರೂಢಿಯ ಕಾನೂನು ಎಂದು ಜಗತ್ತು ಒಪ್ಪುತ್ತದೆ. 2025ರ ಜೂನ್ 27ರಂದು ಮಧ್ಯಸ್ಥಿಕೆ ನ್ಯಾಯಾಲಯ, ಭಾರತದ ನಿರ್ಧಾರದಿಂದ ತನ್ನ ಅಧಿಕಾರಕ್ಕೆ ಕುಂದು ಬರುವುದಿಲ್ಲ ಎಂದಿತು. ಆ ನ್ಯಾಯಾಲಯದ ರಚನೆಯನ್ನೇ ಒಪ್ಪದ ಭಾರತ ಅದನ್ನು ತಿರಸ್ಕರಿಸಿತು. ಇಲ್ಲಿ ಸುಪ್ರೀಂ ಕೋರ್ಟಿನಂಥ ಮೇಲಿನ ಮನೆಯಿಲ್ಲ, ವಸೂಲಿಗೆ ಬರುವವರಿಲ್ಲ. ಹಾಗೆಂದು ನಕ್ಷತ್ರಿಕ ಇಲ್ಲವೇ ಇಲ್ಲ ಎನ್ನಲಾಗದು. ಮುಂದೆ ನಾವು ಇನ್ನೊಬ್ಬರಿಂದ ಮಾತು ಬೇಡುವಾಗ ಅವನು ಎದುರು ಬಂದು ನಿಲ್ಲುತ್ತಾನೆ. ಬ್ರಹ್ಮಪುತ್ರದಲ್ಲಿ ಭಾರತ ಚೀನಾದ ಕೆಳಗಿದೆ, ನೀರು ಹಂಚುವ ಒಪ್ಪಂದವೂ ಇಲ್ಲ. ಕರ್ನಾಟಕವೂ ಕಾವೇರಿಯಲ್ಲಿ ಮೇಲಿದೆ, ಕೃಷ್ಣೆಯಲ್ಲಿ ಮಹಾರಾಷ್ಟ್ರದ ಕೆಳಗಿದೆ. ಮೇಲಿನವನ ಏಕಪಕ್ಷೀಯ ಹಕ್ಕಿಗೆ ಕೈ ತಟ್ಟುವ ಮೊದಲು ನಾವು ಯಾವ ನದಿಯಲ್ಲಿ ಯಾರ ಕೆಳಗೆ ಇದ್ದೇವೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ವಿಮರ್ಶೆಯ ವಿದ್ಯಾರ್ಥಿಯಾಗಿ ನನ್ನ ಬೇಡಿಕೆ ಚಿಕ್ಕದು. ಕನ್ನಡದಲ್ಲಿ ಈ ವಿಷಯಕ್ಕೆ ಪದಗಳ ಕೊರತೆಯಿಲ್ಲ. ಅವಧಿ ಮುಗಿಯುವುದು ಒಂದು, ಅಲ್ಲಿ ಪಠ್ಯವೇ ಬಾಗಿಲು ತೆರೆಯುತ್ತದೆ. ಹಿಂದೆ ಸರಿಯುವುದು ಇನ್ನೊಂದು, ಅದಕ್ಕೆ ಮುನ್ಸೂಚನೆ ಬೇಕು, ಕಾಯಬೇಕು. ಅಮಾನತು ಎಂದರೆ ಒಪ್ಪಂದ ಜೀವಂತವಿದೆ ಎಂದು ಒಪ್ಪಿಕೊಂಡಂತೆ. ರದ್ದು ಎಂದರೆ ಅದು ಇನ್ನಿಲ್ಲ ಎಂದಂತೆ. ಮುರಿಯುವುದು ಎಂದರೆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಂತೆ. ನಮ್ಮ ಪತ್ರಿಕೆಗಳೂ ಭಾಷಣಗಳೂ ಇವನ್ನು ಬೇರೆ ಬೇರೆಯಾಗಿ ಬಳಸಿದರೆ ಅರ್ಧ ವಿವೇಕ ಅಲ್ಲೇ ಬರುತ್ತದೆ.

ಇದಕ್ಕೆ ಅವಸರವೂ ಇದೆ. 2018ರ ತೀರ್ಪಿನ ಹಂಚಿಕೆ ಹದಿನೈದು ವರ್ಷ ಬದಲಾಗದೆ ಇರಬೇಕೆಂದು ನ್ಯಾಯಾಲಯ ಹೇಳಿದೆ. ಅಂದರೆ 2033. ಅಷ್ಟು ಹೊತ್ತಿಗೆ ಮತ್ತೊಮ್ಮೆ ಮುಗಿಯಿತೋ, ಮರುಪರಿಶೀಲನೆಯೋ ಎಂಬ ಅದೇ 1974ರ ಪ್ರಶ್ನೆ ಎದುರಾಗುತ್ತದೆ. ಅಲ್ಲಿಯ ತನಕ ಎರಡೂ ದಡದವರು ತಂತಮ್ಮ ಕಾಗದಗಳನ್ನು ತೆಗೆದು ಓದಿಕೊಳ್ಳಲು ಕೆಲವು ವರ್ಷಗಳಿವೆ.